ಸ್ಟಾರ್ ಕೊಡುವಾಗ ಗಾಡಿಯ ಹೊರಗಿರುವವರನ್ನೂ ಎಣಿಸಿ

ಹೊಸ ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಯ ಸ್ಟಾರ್ ಕೊಡುವ ಸಂಸ್ಥೆಗಳಿಗೆ, ಆ ಪರೀಕ್ಷೆಗಳ ನಿಯಮ ಬರೆಯುವ ಅಧಿಕಾರಿಗಳಿಗೆ,

ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಹತ್ತಿರ ಇರುವುದು ದೊಡ್ಡ ಎಸ್‌ಯುವಿ. ಏಳು ಸೀಟು, ಡೀಸೆಲ್ ಎಂಜಿನ್, ಎರಡು ಟನ್ನಿಗೂ ಜಾಸ್ತಿ ತೂಕ. ಐದು ವರ್ಷದಿಂದ ಓಡಿಸುತ್ತಿದ್ದೇನೆ. ಇಷ್ಟಪಟ್ಟೇ ತಗೊಂಡಿದ್ದು, ಇವತ್ತೂ ಇಷ್ಟವೇ. ಹಾಗಾಗಿ ಇದು ದೊಡ್ಡ ಗಾಡಿ ಕಂಡರೆ ಮೈಯುರಿಯುವವನ ಪತ್ರ ಅಲ್ಲ. ನಿಮ್ಮ ಸ್ಟಾರ್ ನೋಡಿಯೇ ಗಾಡಿ ತಗೊಂಡ ಗಿರಾಕಿಯ ಪತ್ರ.

ಶೋರೂಮಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. "ಇದು ಸೇಫಾ?" ಸೇಲ್ಸಿನ ಹುಡುಗ ಸ್ಟಾರ್ ತೋರಿಸಿದ. ಬಾಗಿಲು ಹಾಕಿ ಧಡ್ ಅನ್ನುವ ಸದ್ದು ಕೇಳಿಸಿದ. ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು. ಯಾರಿಗೆ ಸೇಫು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅದನ್ನು ಕೇಳಿದ್ದು ನನ್ನ ಅಕ್ಕ. ಅವಳದು ಸಣ್ಣ ಕಾರು, ಹೆಚ್ಚುಕಮ್ಮಿ ಒಂದು ಟನ್. ಹೊಸ ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. ಬಾನೆಟ್ ಪಕ್ಕ ನಿಂತು, "ಚೆನ್ನಾಗಿದೆ ಕಣೋ. ಆದ್ರೆ ಇದು ನನ್ನ ಗಾಡಿಗೆ ಗುದ್ದಿದ್ರೆ ನಾನೇನಾಗ್ತೀನಿ?" ಅಂದಳು. "ನಾನ್ಯಾಕೆ ನಿನಗೆ ಗುದ್ಲಿ?" ಅಂತ ನಕ್ಕುಬಿಟ್ಟೆ. ಅದು ಉತ್ತರ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಹೈಸ್ಕೂಲಿನ ವಿಜ್ಞಾನ ಸಾಕು. 2,500 ಕೆ.ಜಿ.ಯ ಒಂದು ಗಾಡಿ, 1,000 ಕೆ.ಜಿ.ಯ ಒಂದು ಕಾರು. ಎರಡೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರುಬದುರು ಬಂದು ಗುದ್ದಿ, ಒಂದಕ್ಕೊಂದು ಕಚ್ಚಿಕೊಂಡವು ಅಂತಿಟ್ಟುಕೊಳ್ಳಿ. ಗುದ್ದಿದ ಮೇಲೆ ಎರಡೂ ಸೇರಿ ದೊಡ್ಡ ಗಾಡಿ ಹೋಗುತ್ತಿದ್ದ ಕಡೆಗೇ ಸುಮಾರು 21 ಕಿ.ಮೀ. ವೇಗದಲ್ಲಿ ಜಾರುತ್ತವೆ. ನನ್ನ ವೇಗ 50ರಿಂದ 21ಕ್ಕೆ ಇಳಿಯಿತು. 29ರಷ್ಟು ಬದಲಾವಣೆ. ಅಕ್ಕನ ಕಾರು 50ರಲ್ಲಿ ಮುಂದಕ್ಕೆ ಬರುತ್ತಿದ್ದದ್ದು ಈಗ 21ರಲ್ಲಿ ಹಿಂದಕ್ಕೆ ಹೋಗುತ್ತಿದೆ. 71ರಷ್ಟು ಬದಲಾವಣೆ, ಅದೂ ಕಣ್ಣು ಮುಚ್ಚಿ ತೆರೆಯುವುದರೊಳಗೆ. ಒಳಗಿರುವ ಮೈಗೆ ಪೆಟ್ಟು ಕೊಡುವುದು ಈ ಬದಲಾವಣೆಯೇ. ಏರ್‌ಬ್ಯಾಗು, ಬೆಲ್ಟು, ಮುದುಡುವ ಮುಂಭಾಗ ಎಲ್ಲವೂ ಆ ಪೆಟ್ಟನ್ನು ಹಂಚಬಹುದು, ಇಲ್ಲವಾಗಿಸಲು ಆಗುವುದಿಲ್ಲ.

ನಿಮ್ಮ ಗೋಡೆ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಗಟ್ಟಿ ಗೋಡೆಗೆ ಗುದ್ದುವ ಗಾಡಿ ತಡೆದುಕೊಳ್ಳಬೇಕಾದದ್ದು ತನ್ನ ತೂಕವನ್ನು ಮಾತ್ರ. ತನ್ನ ಅವಳಿ ಗಾಡಿಯೇ ಎದುರಿಂದ ಬಂದು ಗುದ್ದಿದ ಹಾಗೆ ಅದು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ಗಂಟೆಗೆ 56 ಕಿ.ಮೀ. ವೇಗದಲ್ಲಿ ಈ ಪರೀಕ್ಷೆ ಮಾಡುತ್ತದೆ. ಮುಂಭಾಗದ ಡಿಕ್ಕಿಯ ಸ್ಟಾರ್‌ಗಳನ್ನು ಹೋಲಿಸುವುದಾದರೆ 250 ಪೌಂಡ್, ಅಂದರೆ ಸುಮಾರು 113 ಕೆ.ಜಿ. ಆಚೀಚೆ ಇರುವ ಗಾಡಿಗಳ ನಡುವೆ ಮಾತ್ರ ಹೋಲಿಸಿ ಅಂತ ಆ ಇಲಾಖೆಯೇ ಹೇಳುತ್ತದೆ. ಶೋರೂಮಿನಲ್ಲಿ ಈ ಮಾತನ್ನು ಯಾರಾದರೂ ನಿಮಗೆ ಹೇಳಿದ್ದಾರಾ? ನನಗಂತೂ ಹೇಳಲಿಲ್ಲ. ಐದು ಸ್ಟಾರಿನ ಸಣ್ಣ ಕಾರು, ಐದು ಸ್ಟಾರಿನ ನನ್ನ ಗಾಡಿ ಎರಡೂ ಒಂದೇ ಅಂತ ಜನ ಅಂದುಕೊಳ್ಳುತ್ತಾರೆ.

ನೀವೆಲ್ಲ ಕಣ್ಣು ಮುಚ್ಚಿಕೊಂಡು ಕೂತಿದ್ದೀರಿ ಅಂತ ಹೇಳಿದರೆ ತಪ್ಪಾಗುತ್ತದೆ. ಯುರೋಪಿನಲ್ಲಿ ಹೊಸ ಕಾರುಗಳಿಗೆ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ 1997ರಲ್ಲಿ ಶುರುವಾದಾಗಿನಿಂದಲೂ ಪಾದಚಾರಿಗಳ ಪರೀಕ್ಷೆ ಮಾಡುತ್ತಿದೆ. 2020ರಿಂದ ಒಂದು ಪರೀಕ್ಷೆಯಲ್ಲಿ ನಿಂತಲ್ಲೇ ನಿಂತ ತಡೆಯ ಬದಲು 1,400 ಕೆ.ಜಿ.ಯ ಚಲಿಸುವ ಟ್ರಾಲಿಯನ್ನು ಎದುರಿಗೆ ಬಿಡುತ್ತದೆ. ಆ ಟ್ರಾಲಿಯ ಮುಂದಿನ ಜೇನುಗೂಡಿನಂಥ ತಡೆಯನ್ನು ಗಾಡಿ ಎಷ್ಟು ಹಾಳುಮಾಡಿತು ಅಂತ ಅಳೆದು ಅಂಕ ಕಳೆಯುತ್ತದೆ. ಅಂದರೆ ಎದುರಿನವನಿಗೆ ಎಷ್ಟು ಪೆಟ್ಟಾಯಿತು ಅನ್ನುವುದು ಲೆಕ್ಕಕ್ಕೆ ಬಂದಿದೆ. ಒಳ್ಳೆಯ ಕೆಲಸ. ಆದರೆ ಅಲ್ಲೂ ಕೊನೆಗೆ ಎಲ್ಲವನ್ನೂ ಕಲಸಿ ಒಂದೇ ಸ್ಟಾರ್ ಮಾಡುತ್ತಾರೆ. ಸ್ಟಾರಿನ ಹಿಂದೆ ನಾಲ್ಕು ಅಂಕಗಳು ಬೇರೆ ಬೇರೆ ಇರುತ್ತವೆ, ನಿಜ. ಅವುಗಳನ್ನು ಹುಡುಕಿಕೊಂಡು ಹೋಗಿ ಓದುವವರು ಎಷ್ಟು ಜನ? ಜಾಹೀರಾತಿನಲ್ಲಿ ಬರುವುದು ಸ್ಟಾರ್ ಮಾತ್ರ.

"ಅಯ್ಯೋ, ನನ್ನ ಮಕ್ಕಳು ಬದುಕಿದರೆ ಸಾಕಪ್ಪ" ಅಂತ ಹೇಳುವ ಅಪ್ಪ ಅಮ್ಮಂದಿರನ್ನು ನಾನು ಬೈಯುವುದಿಲ್ಲ. ನಾನೂ ಅವರಲ್ಲೊಬ್ಬ. ತೂಕ ಕಾಪಾಡುತ್ತದೆ ಅನ್ನುವುದೂ ಸುಳ್ಳಲ್ಲ, ಮೇಲಿನ ಲೆಕ್ಕವೇ ಅದನ್ನು ಹೇಳುತ್ತದೆ. ಆದರೆ ಇದಕ್ಕೊಂದು ಮಿತಿ ಇದೆ. ಅಮೆರಿಕದ ವಿಮಾ ಕಂಪನಿಗಳ ಹಣದಲ್ಲಿ ನಡೆಯುವ ಐಐಎಚ್‌ಎಸ್ ಸಂಸ್ಥೆ 2025ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿತು. ರಸ್ತೆಯ ಸರಾಸರಿಗಿಂತ ಹಗುರವಾದ ಕಾರಿಗೆ ಸ್ವಲ್ಪ ತೂಕ ಸೇರಿದರೆ ಒಳಗಿರುವವರಿಗೆ ಉಪಯೋಗ ಇದೆ. ಸರಾಸರಿಯನ್ನು ದಾಟಿದ ಗಾಡಿಗೆ ಇನ್ನಷ್ಟು ತೂಕ ಸೇರಿಸಿದರೆ ಒಳಗಿರುವವರಿಗೆ ಹೆಚ್ಚೇನೂ ಸಿಗುವುದಿಲ್ಲ. ಎದುರಿನವರಿಗೆ ಮಾತ್ರ ಅಪಾಯ ಏರುತ್ತದೆ. ನನ್ನ ಗಾಡಿ ಆ ಸರಾಸರಿಯನ್ನು ಯಾವತ್ತೋ ದಾಟಿದೆ. ಹೊತ್ತುಕೊಂಡು ತಿರುಗುತ್ತಿರುವ ಕೊನೆಯ ಕೆಲವು ನೂರು ಕೆ.ಜಿ. ನನ್ನ ಮಕ್ಕಳನ್ನು ಕಾಪಾಡುತ್ತಿಲ್ಲ. ಇದನ್ನು ಓದಿದ ದಿನ ಸ್ವಲ್ಪ ಪೆಚ್ಚಾದೆ.

ಎತ್ತರದ ಗಾಡಿ ಮಗುಚುವ ವಿಷಯದಲ್ಲಿ ಜಾಸ್ತಿ ಎಳೆಯುವುದಿಲ್ಲ, ಯಾಕೆಂದರೆ ಅಲ್ಲಿ ನಿಜವಾಗಿಯೂ ಸುಧಾರಣೆ ಆಗಿದೆ. ಎರಡು ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಇಲ್ಲಿನ ಜಾತಕ. ಸಾಮಾನ್ಯ ಕಾರುಗಳಲ್ಲಿ ಅದು 1.3ರಿಂದ 1.5 ಇರುತ್ತದೆ, ಎಸ್‌ಯುವಿಗಳಲ್ಲಿ 1.0ರಿಂದ 1.3. ಕಡಿಮೆ ಇದ್ದಷ್ಟೂ ಮಗುಚುವುದು ಸುಲಭ. ಹಿಂದೆ ದೊಡ್ಡ ಎಸ್‌ಯುವಿ ಅಂದರೆ ಇದೇ ಭಯ ಇತ್ತು. ಆಮೇಲೆ ಇಎಸ್‌ಸಿ ಬಂತು. ಗಾಡಿ ಜಾರಲು ಶುರುವಾದರೆ ಒಂದೊಂದೇ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ ಇದು. ಅಮೆರಿಕದಲ್ಲಿ 2012ರ ಮಾಡೆಲ್‌ಗಳಿಂದ, ಯುರೋಪಿನಲ್ಲಿ 2014ರ ಕೊನೆಯಿಂದ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯ. ಇದು ಜನಪ್ರಿಯವಾದ ಕಥೆಯೂ ಮಜವಾಗಿದೆ. 1997ರಲ್ಲಿ ಸ್ವೀಡನ್ನಿನ ಒಂದು ಪತ್ರಿಕೆಯವರು ಮರ್ಸಿಡಿಸ್ ಎ-ಕ್ಲಾಸ್ ಅನ್ನು ರಸ್ತೆಗೆ ಅಡ್ಡ ಬಂದ ಕಾಡುಪ್ರಾಣಿಯನ್ನು ತಪ್ಪಿಸುವ ಹಾಗೆ ಸರಕ್ಕನೆ ತಿರುಗಿಸಿದರು. ಕಾರು ಮಗುಚಿತು. ಕಂಪನಿ ಮಾರಾಟ ನಿಲ್ಲಿಸಿ, ಆ ಮಾಡೆಲ್ಲಿನ ಎಲ್ಲ ಕಾರುಗಳಿಗೂ ಈ ವ್ಯವಸ್ಥೆ ಹಾಕಿಕೊಟ್ಟಿತು. ಯಾರೋ ಒಬ್ಬರು ಪರೀಕ್ಷೆ ಮಾಡಿ ಫಲಿತಾಂಶವನ್ನು ಬಹಿರಂಗ ಮಾಡಿದ್ದಕ್ಕೇ ಇಷ್ಟೆಲ್ಲ ಆಯಿತು. ಈ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಬಾನೆಟ್ಟಿನ ವಿಷಯ. ಇದು ನನ್ನ ನಿದ್ದೆ ಕೆಡಿಸಿದ್ದು.

ಒಂದು ಭಾನುವಾರ ಮಗಳನ್ನು ಕರೆದು ಗಾಡಿಯ ಮುಂದೆ, ಬಂಪರಿಗೆ ಅಂಟಿಕೊಂಡ ಹಾಗೆ ನಿಲ್ಲಿಸಿದೆ. ಅವಳಿಗೆ ಆಗ ಆರು ವರ್ಷ. ನಾನು ಸ್ಟೀರಿಂಗ್ ಹಿಂದೆ ಕೂತೆ. ಎಂಜಿನ್ ಆಫ್, ಕೀ ಮನೆಯೊಳಗೆ. ಅವಳು ಕಾಣಲಿಲ್ಲ. ಕೂದಲ ರಬ್ಬರ್‌ಬ್ಯಾಂಡ್ ಕೂಡ ಕಾಣಲಿಲ್ಲ. "ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗು" ಅಂದೆ. ಅವಳಿಗೆ ಇದು ಆಟ. "ಈಗ ಕಂಡ್ನಾ ಅಪ್ಪಾ? ಈಗ?" ಅಂತ ಕೂಗುತ್ತ ಹಿಂದೆ ಹಿಂದೆ ಹೋದಳು. ದನಿ ಮಾತ್ರ ಕೇಳುತ್ತಿತ್ತು. ಕೊನೆಗೆ ಕಣ್ಣು, ಹಣೆ ಕಂಡ ಜಾಗದಲ್ಲಿ ಇಳಿದು ಸೀಮೆಸುಣ್ಣದಿಂದ ಗೆರೆ ಎಳೆದೆ. ಟೇಪ್ ಹಿಡಿದರೆ ಎರಡೂಮುಕ್ಕಾಲು ಮೀಟರ್. ಅಷ್ಟು ಜಾಗದಲ್ಲಿ ಅವಳ ತರಗತಿಯ ಅರ್ಧ ಮಕ್ಕಳನ್ನು ಕೂರಿಸಬಹುದು. ಒಬ್ಬರೂ ನನಗೆ ಕಾಣುವುದಿಲ್ಲ. ಅಕ್ಕನ ಕಾರಿನಲ್ಲಿ ಕೂತು ಇದೇ ಆಟ ಆಡಿದೆವು. ಒಂದೇ ಹೆಜ್ಜೆಗೆ ಮುಖ ಕಂಡಿತು.

ನನ್ನ ಗಾಡಿಯ ಹಿಂದೆ ಕ್ಯಾಮೆರಾ ಇದೆ. ಅದು ಸುಮ್ನೆ ಬಂದದ್ದಲ್ಲ. ಅಮೆರಿಕದಲ್ಲಿ ಎರಡು ವರ್ಷದ ಮಗುವೊಂದು ತನ್ನ ಮನೆಯವರೇ ಹಿಂದಕ್ಕೆ ತೆಗೆಯುತ್ತಿದ್ದ ಎಸ್‌ಯುವಿಯಡಿ ಸಿಕ್ಕಿ ತೀರಿಕೊಂಡಿತು. ಆ ಮಗುವಿನ ಹೆಸರಲ್ಲೇ 2008ರಲ್ಲಿ ಕಾನೂನು ಬಂತು. ಅದರ ನಿಯಮ ಜಾರಿಗೆ ಬಂದು ಎಲ್ಲ ಹೊಸ ಕಾರಿಗೂ ಹಿಂಬದಿ ಕ್ಯಾಮೆರಾ ಕಡ್ಡಾಯವಾಗುವ ಹೊತ್ತಿಗೆ 2018ರ ಮೇ ತಿಂಗಳಾಗಿತ್ತು. ಹತ್ತು ವರ್ಷ. ಅಷ್ಟರಲ್ಲಿ ಗಾಡಿಗಳ ಮೂತಿ ಇನ್ನೂ ಎತ್ತರ ಆಗಿ, ಕಾಣದ ಜಾಗ ಮುಂದೆಯೂ ಬೆಳೆದಿತ್ತು.

ಎತ್ತರದ ಮೂತಿಯ ತೊಂದರೆ ಕಾಣದಿರುವುದಷ್ಟೇ ಅಲ್ಲ. ತಗ್ಗಿನ ಕಾರು ನಡೆಯುವವನ ಕಾಲಿಗೆ ಬಡಿಯುತ್ತದೆ. ಅವನು ಬಾನೆಟ್ಟಿನ ಮೇಲೆ ಉರುಳುತ್ತಾನೆ. ಕಾಲು ಮುರಿಯಬಹುದು, ತಲೆಗೂ ಪೆಟ್ಟಾಗಬಹುದು, ಆದರೂ ಬದುಕುವ ಅವಕಾಶ ಇದೆ. ನನ್ನ ಗಾಡಿಯ ಮೂತಿ ದೊಡ್ಡವರ ಸೊಂಟಕ್ಕೆ, ಎದೆಗೆ ಬಡಿಯುತ್ತದೆ. ಮಕ್ಕಳಿಗಾದರೆ ನೇರ ತಲೆಗೆ. ಬಿದ್ದವರು ಬಾನೆಟ್ಟಿನ ಮೇಲಲ್ಲ, ಗಾಡಿಯ ಮುಂದಕ್ಕೆ ಬೀಳುತ್ತಾರೆ. ಐಐಎಚ್‌ಎಸ್ ಸುಮಾರು 18,000 ಪಾದಚಾರಿ ಅಪಘಾತಗಳನ್ನು ನೋಡಿ 2023ರಲ್ಲಿ ಒಂದು ಲೆಕ್ಕ ಕೊಟ್ಟಿತು. ಬಾನೆಟ್ಟಿನ ಅಂಚು 40 ಇಂಚಿಗಿಂತ, ಅಂದರೆ ಒಂದು ಮೀಟರಿಗಿಂತ ಎತ್ತರ ಇರುವ ಗಾಡಿಗಳು ಪಾದಚಾರಿಯನ್ನು ಕೊಲ್ಲುವ ಸಾಧ್ಯತೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ಕಾರುಗಳಿಗಿಂತ ಸುಮಾರು ಶೇ. 45ರಷ್ಟು ಜಾಸ್ತಿ.

ಅಮೆರಿಕದಲ್ಲಿ 2009ರಲ್ಲಿ ಸತ್ತ ಪಾದಚಾರಿಗಳು ಸುಮಾರು 4,100. 2022ರಲ್ಲಿ ಆ ಸಂಖ್ಯೆ 7,500 ದಾಟಿತು. ಎಲ್ಲ ಪಾಪವನ್ನೂ ಎಸ್‌ಯುವಿಯ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಅಗಲವಾದ ರಸ್ತೆ, ಕತ್ತಲು, ವೇಗ, ಕೈಯಲ್ಲಿರುವ ಮೊಬೈಲು ಎಲ್ಲಕ್ಕೂ ಪಾಲಿದೆ. ಆದರೆ ಅದೇ ವರ್ಷಗಳಲ್ಲಿ ಕಾರಿನೊಳಗಿನ ಸುರಕ್ಷತೆಗೆ ಎಷ್ಟೊಂದು ಹೊಸ ಉಪಕರಣ ಬಂದವು ಅಂತ ಯೋಚಿಸಿ ನೋಡಿ.

ಲಾರಿಗಳ ವಿಷಯದಲ್ಲಿ ಲಂಡನ್ ನಗರ ಒಂದು ಕೆಲಸ ಮಾಡಿದೆ. 12 ಟನ್ನಿಗಿಂತ ದೊಡ್ಡ ಲಾರಿಗಳ ಕ್ಯಾಬಿನ್ನಿನಲ್ಲಿ ಕೂತ ಚಾಲಕನಿಗೆ ಕನ್ನಡಿ, ಕ್ಯಾಮೆರಾ ಇಲ್ಲದೆ ಬರಿಗಣ್ಣಿಗೆ ಎಷ್ಟು ಕಾಣುತ್ತದೆ ಅಂತ ಅಳೆದು ಸೊನ್ನೆಯಿಂದ ಐದರವರೆಗೆ ಸ್ಟಾರ್ ಕೊಡುತ್ತಾರೆ. 2021ರ ಮಾರ್ಚ್‌ನಿಂದ ಈ ಸ್ಟಾರ್ ನೋಡಿಯೇ ನಗರದೊಳಗೆ ಬರಲು ಪರವಾನಗಿ. ಮೊದಲು ಒಂದು ಸ್ಟಾರ್ ಸಾಕಿತ್ತು, 2024ರ ಅಕ್ಟೋಬರಿನಿಂದ ಮೂರು ಬೇಕು. ಕಡಿಮೆ ಇದ್ದರೆ ಸೆನ್ಸರು, ಕ್ಯಾಮೆರಾ ಹಾಕಿಸಿಕೊಂಡು ಬರಬೇಕು. ಲಾರಿ ಚಾಲಕನಿಗೆ ಏನು ಕಾಣುತ್ತದೆ ಅಂತ ಕೇಳುವ ನಾವು, ಶಾಲೆಯ ಗೇಟಿನ ಮುಂದೆ ನಿಲ್ಲಿಸುವ ಗಾಡಿಗೆ ಅದೇ ಪ್ರಶ್ನೆ ಕೇಳುವುದಿಲ್ಲ. ಯಾಕೆ?

ಉತ್ತರ ನನಗೆ ಗೊತ್ತಿದೆ, ಯಾಕೆಂದರೆ ನನ್ನೊಳಗೇ ಇದೆ. ಎತ್ತರ ಅಂದರೆ ಗೌರವ. ಈ ಗಾಡಿ ಬಂದ ಮೇಲೆ ಗೇಟಿನವರು ಬೇಗ ಏಳುತ್ತಾರೆ. ಮುಂದಿನ ಸಣ್ಣ ಕಾರು ಕನ್ನಡಿಯಲ್ಲಿ ನನ್ನ ಮೂತಿ ನೋಡಿ ಪಕ್ಕಕ್ಕೆ ಸರಿಯುತ್ತದೆ. ಮದುವೆಗೆ ಹೋದರೆ "ಯಾವ ಗಾಡಿ ತಂದ್ರಿ?" ಅಂತ ಕೇಳುವವರು ಉತ್ತರ ಗೊತ್ತಿದ್ದೇ ಕೇಳುತ್ತಾರೆ. ಸುಖ ಆಗುವುದಿಲ್ಲ ಅಂದರೆ ಸುಳ್ಳು. ಹಳೆಯ ಕಾರಿನಲ್ಲಿ ಇದೇ ಮನುಷ್ಯ, ಇದೇ ಸಂಬಳ, ಇದೇ ಬಕ್ಕತಲೆ. ಯಾರೂ ಸರಿಯುತ್ತಿರಲಿಲ್ಲ.

ಕಂಪನಿಗಳಿಗೆ ಇದು ನಮಗಿಂತ ಮೊದಲೇ ಗೊತ್ತು. ಹೆಸರುಗಳನ್ನೇ ನೋಡಿ: ಎಕ್ಸ್‌ಪ್ಲೋರರ್, ಪಾತ್‌ಫೈಂಡರ್, ನ್ಯಾವಿಗೇಟರ್, ಡಿಫೆಂಡರ್. ಒಬ್ಬ ಅನ್ವೇಷಕ, ಒಬ್ಬ ದಾರಿ ಹುಡುಕುವವನು, ಒಬ್ಬ ಹಡಗಿನ ದಿಕ್ಕು ನೋಡುವವನು, ಒಬ್ಬ ರಕ್ಷಕ. ಎಲ್ಲರೂ ಸೇರಿ ಮಾಡುವ ಕೆಲಸ ಟ್ರಾಫಿಕ್ಕಿನಲ್ಲಿ ನಿಲ್ಲುವುದು. ಬ್ರಿಟನ್ನಿನವರು ಇವಕ್ಕೆ ಚೆಲ್ಸೀ ಟ್ರ್ಯಾಕ್ಟರ್ ಅಂತ ಹೆಸರಿಟ್ಟಿದ್ದಾರೆ. ಚೆಲ್ಸೀ ಅಂದರೆ ಲಂಡನ್ನಿನ ಶ್ರೀಮಂತರ ಬಡಾವಣೆ, ಉಳುವುದಕ್ಕೆ ಅಲ್ಲಿ ಒಂದು ಗುಂಟೆ ಗದ್ದೆಯೂ ಇಲ್ಲ. ಸ್ಪೋರ್ಟ್ಸ್ ಕಾರು ಮಾಡುತ್ತಿದ್ದ ಪೋರ್ಷೆ 2002ರಲ್ಲಿ ಕಯೆನ್ ತಂದಾಗ ಅಭಿಮಾನಿಗಳು ಮುಖ ಸಿಂಡರಿಸಿದರು. ಆ ಗಾಡಿಯೇ ಕಂಪನಿಗೆ ದುಡ್ಡು ತಂದಿತು. ಆಮೇಲೆ ಲ್ಯಾಂಬೊರ್ಗಿನಿ, ರೋಲ್ಸ್ ರಾಯ್ಸ್, ಕೊನೆಗೆ 2022ರಲ್ಲಿ ಫೆರಾರಿಯೂ ಎತ್ತರದ ಗಾಡಿ ತಂದಿತು. 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಹತ್ತಿರ ಹತ್ತಿರ ಅರ್ಧ ಎಸ್‌ಯುವಿಗಳೇ ಅಂತ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಹೇಳಿದೆ. ಅರ್ಧ ಜನರ ಹತ್ತಿರ ಇರುವುದು ಇನ್ನೂ ಎಷ್ಟು ದಿನ ದೊಡ್ಡಸ್ತಿಕೆ ಆಗಿರುತ್ತದೋ ನೋಡಬೇಕು.

ಎತ್ತರದಲ್ಲಿ ಕೂತರೆ ಇನ್ನೊಂದು ಮೋಸ ಆಗುತ್ತದೆ. ನೆಲ ದೂರ ಇರುವುದರಿಂದ ಅದು ಹಿಂದಕ್ಕೆ ಓಡುವುದು ನಿಧಾನ ಕಾಣುತ್ತದೆ. 60ರಲ್ಲಿದ್ದೇನೆ ಅಂದುಕೊಂಡು ಮೀಟರ್ ನೋಡಿದರೆ 75. ಒಳಗೆ ಸದ್ದೂ ಇಲ್ಲ, ಕುಲುಕಾಟವೂ ಇಲ್ಲ. ಅಕ್ಕನ ಕಾರಿನಲ್ಲಿ 75 ಅಂದರೆ ಇಡೀ ಡ್ಯಾಶ್‌ಬೋರ್ಡು ಮಾತಾಡುತ್ತದೆ.

ನಂಬಿಕೆಯ ವಿಷಯಕ್ಕೆ ಬಂದರೆ, ದೊಡ್ಡ ಗಾಡಿ ಗಟ್ಟಿ, ಕೈಕೊಡಲ್ಲ ಅನ್ನುವ ಮಾತು ಒಂದು ಕಾಲಕ್ಕೆ ನಿಜ ಇತ್ತು. ವಿಶ್ವಸಂಸ್ಥೆಯವರು ರಸ್ತೆಯಿಲ್ಲದ ಕಡೆ ಬಿಳಿ ಲ್ಯಾಂಡ್ ಕ್ರೂಸರ್ ಓಡಿಸುವುದು ದೊಡ್ಡಸ್ತಿಕೆಗಲ್ಲ. ದಪ್ಪ ಚಾಸಿಯ ಮೇಲೆ ಬಾಡಿ, ಸರಳ ಎಂಜಿನ್, ಎಲ್ಲಿ ಬೇಕಾದರೂ ರಿಪೇರಿ ಮಾಡಬಹುದಾದ ಭಾಗಗಳು. ಅಂಥ ಕೆಲಸಕ್ಕೆ ಅಂಥ ಗಾಡಿಯೇ ಬೇಕು. ಈಗ ಶೋರೂಮಿನಲ್ಲಿ ಮಿಂಚುವ ಬಹುತೇಕ ಎಸ್‌ಯುವಿಗಳ ಮೈಕಟ್ಟು ಕಾರಿನದು, ವೇಷ ಮಾತ್ರ ಜೀಪಿನದು. ಅದರ ಮೇಲೆ ಟರ್ಬೋ, ಏರ್ ಸಸ್ಪೆನ್ಷನ್, ನಾಲ್ಕು ಚಕ್ರಕ್ಕೂ ಶಕ್ತಿ ಹಂಚುವ ಪೆಟ್ಟಿಗೆ, ಹತ್ತಾರು ಸೆನ್ಸರು. ಇರುವ ವಸ್ತು ಜಾಸ್ತಿಯಾದಷ್ಟೂ ಕೆಡುವ ವಸ್ತುವೂ ಜಾಸ್ತಿ.

ನನ್ನ ಗಾಡಿ ಎರಡು ಸಲ ದಾರಿಯಲ್ಲಿ ಲಿಂಪ್ ಮೋಡ್‌ಗೆ ಹೋಗಿದೆ, ಅಂದರೆ ಎಂಜಿನ್ ತಾನೇ ಶಕ್ತಿ ತಗ್ಗಿಸಿಕೊಂಡು ಕುಂಟಿದೆ. ಎರಡು ಸಲವೂ ಕಾರಣ ಡಿಪಿಎಫ್ ಚೋಕ್. ಡೀಸೆಲ್ ಹೊಗೆಯ ಮಸಿ ಹಿಡಿಯುವ ಈ ಫಿಲ್ಟರು ಬಿಸಿಯಾಗಿ ಮಸಿಯನ್ನು ಸುಟ್ಟುಕೊಳ್ಳಬೇಕು. ಅದಕ್ಕೆ ಗಾಡಿ ಒಂದೇ ಸಮ ಒಳ್ಳೆಯ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ನನ್ನ ಓಡಾಟ ಮೂರು ಕಿ.ಮೀ. ಆಫೀಸು, ಎರಡು ಕಿ.ಮೀ. ಶಾಲೆ. ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಸಾರ್, ಗಾಡಿ ಚೆನ್ನಾಗಿದೆ. ನೀವು ಓಡಿಸೋ ರೀತಿಗೆ ಇದು ಸರಿಯಾದ ಗಾಡಿ ಅಲ್ಲ ಅಷ್ಟೇ. ವಾರಕ್ಕೊಂದು ಸಲ ಹೈವೇಗೆ ಕರ್ಕೊಂಡು ಹೋಗಿ" ಅಂದರು. ಈಗ ಶನಿವಾರ ಬೆಳಿಗ್ಗೆ ಎಲ್ಲಿಗೂ ಹೋಗುವ ಕೆಲಸ ಇಲ್ಲದೆ ನಲವತ್ತು ಕಿ.ಮೀ. ಓಡಿಸಿಕೊಂಡು ಬರುತ್ತೇನೆ. ಮಾರುವವರು ಮೊದಲೇ ಕೇಳಬೇಕಿತ್ತು, ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ ಅಂತ.

ತೂಕದ ಗಾಡಿಯಲ್ಲಿ ಸಣ್ಣ ಕೆಡುಕೂ ದೊಡ್ಡ ಅಪಾಯ ಆಗಬಹುದು. ಇದಕ್ಕೆ 2000ದ ಫೈರ್‌ಸ್ಟೋನ್ ಟೈರುಗಳ ಪ್ರಕರಣಕ್ಕಿಂತ ಬೇರೆ ಸಾಕ್ಷಿ ಬೇಡ. ಹೆಚ್ಚಾಗಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದ ಟೈರಿನ ಮೇಲ್ಪದರ ವೇಗದಲ್ಲಿರುವಾಗಲೇ ಕಿತ್ತುಬರುತ್ತಿತ್ತು, ಗಾಡಿ ಮಗುಚುತ್ತಿತ್ತು. 65 ಲಕ್ಷ ಟೈರುಗಳನ್ನು ವಾಪಸ್ ಕರೆದರು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ಲೆಕ್ಕದಲ್ಲಿ ಸತ್ತವರು 271. ಟೈರ್ ಕಂಪನಿ ಗಾಡಿಯನ್ನು ಬೈಯಿತು, ಗಾಡಿ ಕಂಪನಿ ಟೈರನ್ನು ಬೈಯಿತು. ಆದರೆ ಅದೇ ವರ್ಷ ಬಂದ ಕಾನೂನಿನಿಂದ ಎರಡು ಒಳ್ಳೆಯದಾಯಿತು. ಟೈರಿನ ಗಾಳಿ ಇಳಿದರೆ ದೀಪ ಹತ್ತುವ ವ್ಯವಸ್ಥೆ ಕಡ್ಡಾಯವಾಯಿತು. ದೂರು, ವಾರಂಟಿ, ಸಾವುನೋವಿನ ವಿವರಗಳನ್ನು ಕಂಪನಿಗಳು ಕಾಲಕಾಲಕ್ಕೆ ಸರ್ಕಾರಕ್ಕೆ ಒಪ್ಪಿಸಬೇಕಾಯಿತು.

ನಿಯಮ ಬರೆಯುವವರೇ ಗಾಡಿಯ ಆಕಾರವನ್ನೂ ಬರೆಯುತ್ತಾರೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1975ರಲ್ಲಿ ಅಮೆರಿಕ ಇಂಧನ ಮಿತವ್ಯಯದ ಕಾನೂನು ತಂದಾಗ ಕಾರುಗಳಿಗೆ ಒಂದು ಅಳತೆ, ಸಣ್ಣ ಟ್ರಕ್ಕುಗಳಿಗೆ ಬೇರೆ ಅಳತೆ ಇಟ್ಟಿತು. ಟ್ರಕ್ಕು ರೈತರದು, ಕೆಲಸಗಾರರದು ಅನ್ನುವ ಲೆಕ್ಕ. ಆಮೇಲೆ ಎಸ್‌ಯುವಿಗಳೂ ಟ್ರಕ್ಕಿನ ಪಟ್ಟಿಯಲ್ಲಿ ಹೋಗಿ ಕೂತವು. ಸಡಿಲ ನಿಯಮ, ಒಳ್ಳೆಯ ಲಾಭ. ಕಂಪನಿಗಳು ನೀರು ಹರಿದ ಕಡೆಗೇ ಹರಿದವು.

ಇದು ಒಳ್ಳೆಯದಕ್ಕೂ ನಡೆಯುತ್ತದೆ. ಐಐಎಚ್‌ಎಸ್ 2012ರಲ್ಲಿ ಗಾಡಿಯ ಮುಂಭಾಗದ ಒಂದು ಮೂಲೆ ಮಾತ್ರ ಗುದ್ದುವ ಪರೀಕ್ಷೆ ತಂದಿತು, ಚಾಲಕನ ಕಡೆಗೆ. ಕಂಪನಿಗಳು ಆ ಮೂಲೆಯನ್ನು ಗಟ್ಟಿ ಮಾಡಿದವು. 2016ರಲ್ಲಿ ಆ ಕಡೆ ಚೆನ್ನಾಗಿ ಪಾಸಾಗಿದ್ದ ಏಳು ಸಣ್ಣ ಎಸ್‌ಯುವಿಗಳನ್ನು ತಂದು ಇನ್ನೊಂದು ಕಡೆ ಗುದ್ದಿಸಿದರು. ಏಳರಲ್ಲಿ ಒಳ್ಳೆಯ ದರ್ಜೆಗೆ ಅರ್ಹವಾಗಿದ್ದು ಒಂದೇ. ಅಳೆದ ಕಡೆ ಉಕ್ಕು, ಅಳೆಯದ ಕಡೆ ದೇವರೇ ಗತಿ. ಪಕ್ಕದ ಸೀಟಿನ ಪರೀಕ್ಷೆ ಶುರುವಾದ ಮೇಲೆ ಆ ಮೂಲೆಯೂ ಗಟ್ಟಿಯಾಯಿತು. ಅಕ್ಕನ ಪ್ರಶ್ನೆಗೂ ಇಂಥದ್ದೇ ಒಂದು ಸಮಾಧಾನ ಇದೆ. ದೊಡ್ಡ ಗಾಡಿಯ ಮುಂಭಾಗದ ಕಬ್ಬಿಣ ಸಣ್ಣ ಕಾರಿನ ಬಂಪರಿನ ಮೇಲೆ ಹತ್ತಿಹೋಗದ ಹಾಗೆ ತಗ್ಗಿಸುತ್ತೇವೆ ಅಂತ 2003ರಲ್ಲಿ ಕಂಪನಿಗಳು ಒಪ್ಪಿಕೊಂಡವು. 1989ರಿಂದ 92ರ ನಡುವೆ ಎಸ್‌ಯುವಿಗಳು ಎದುರಿನ ಕಾರಿನ ಚಾಲಕನನ್ನು ಕೊಲ್ಲುವ ಸಾಧ್ಯತೆ ಕಾರುಗಳಿಗಿಂತ ಶೇ. 132ರಷ್ಟು ಜಾಸ್ತಿ ಇತ್ತು. 2013ರಿಂದ 16ರ ಹೊತ್ತಿಗೆ ಅದು ಶೇ. 28ಕ್ಕೆ ಇಳಿದಿತ್ತು. ಅಂದರೆ ಎಸ್‌ಯುವಿ ಇಟ್ಟುಕೊಂಡೂ ಎದುರಿನವರನ್ನು ಉಳಿಸಬಹುದು. ಮನಸ್ಸು ಮಾಡಬೇಕು, ಅಳೆಯಬೇಕು.

ಈಗ ನನ್ನ ಬೇಡಿಕೆ. ಒಳಗಿನವರ ಸ್ಟಾರ್ ಹಾಗೇ ಇರಲಿ. ಅದರ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಹೊರಗಿನವರ ಸ್ಟಾರ್ ಹಾಕಿ. ಎರಡನ್ನೂ ಕಲಸಬೇಡಿ. ಎದುರಿನ ಸಣ್ಣ ಕಾರಿಗೆ ಏನಾಗುತ್ತದೆ, ನಡೆಯುವವರಿಗೆ ಏನಾಗುತ್ತದೆ ಅನ್ನುವುದು ಅದರಲ್ಲಿ ಬರಲಿ. ಆಮೇಲೆ ಒಂದು ಬರಿಯ ಅಂಕಿ: ಆರು ವರ್ಷದ ಮಗು ಗಾಡಿಯ ಮುಂದೆ ಎಷ್ಟು ದೂರ ನಿಂತರೆ ಚಾಲಕನಿಗೆ ಕಾಣುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ. ಸೀಮೆಸುಣ್ಣ, ಟೇಪು ಸಾಕು, ನಾನೇ ಮಾಡಿದ್ದೇನೆ. ಗಾಡಿಯ ತೂಕವನ್ನೂ ಶೋರೂಮಿನ ಹಲಗೆಯಲ್ಲಿ ಕಾಣುವ ಹಾಗೆ ಬರೆಸಿ. ಎಲೆಕ್ಟ್ರಿಕ್ ಗಾಡಿಗಳಿಗೆ ಇದು ಇನ್ನೂ ಮುಖ್ಯ. ಎಲೆಕ್ಟ್ರಿಕ್ ಹಮ್ಮರ್ ನಾಲ್ಕು ಟನ್ನಿಗೂ ಜಾಸ್ತಿ ತೂಗುತ್ತದೆ, ಅದರ ಬ್ಯಾಟರಿಯೊಂದೇ ಒಂದು ಹೋಂಡಾ ಸಿವಿಕ್ ಕಾರಿನಷ್ಟು ಭಾರ. ಹೊಗೆ ಇಲ್ಲ ಅಂದಮಾತ್ರಕ್ಕೆ ತೂಕ ಮಾಯ ಆಗುವುದಿಲ್ಲವಲ್ಲ.

ಭಾರದ ಗಾಡಿಗೆ ಜಾಸ್ತಿ ಪಾರ್ಕಿಂಗ್ ಶುಲ್ಕ ಹಾಕಿ ಅಂತ ನಾನು ಕೇಳುತ್ತಿಲ್ಲ. ಪ್ಯಾರಿಸ್ ಅದನ್ನು ಮಾಡಿ ನೋಡುತ್ತಿದೆ. 2024ರ ಫೆಬ್ರುವರಿಯಲ್ಲಿ ಜನರನ್ನೇ ಕೇಳಿ, ಹೊರಗಿನಿಂದ ಬರುವ ಭಾರದ ಗಾಡಿಗಳ ಶುಲ್ಕವನ್ನು ಮೂರು ಪಟ್ಟು ಮಾಡಿತು. ಮತ ಹಾಕಿದವರು ನೂರಕ್ಕೆ ಆರು ಮಂದಿಯೂ ಇರಲಿಲ್ಲ ಅನ್ನುವುದು ಬೇರೆ ಮಾತು. ಶುಲ್ಕ ಹಾಕಿದರೆ ನನ್ನಂಥವನು ಗೊಣಗಿಕೊಂಡು ಕಟ್ಟುತ್ತಾನೆ, ಕಟ್ಟಿದ್ದನ್ನೂ ದೊಡ್ಡಸ್ತಿಕೆ ಮಾಡಿಕೊಳ್ಳುತ್ತಾನೆ. ಬಾಗಿಲ ಗಾಜಿನ ಮೇಲೆ "ಹೊರಗಿನವರಿಗೆ ಎರಡು ಸ್ಟಾರ್" ಅಂತ ಅಂಟಿಸಿದ್ದರೆ ಅದನ್ನು ಯಾವ ಮದುವೆ ಮನೆಯಲ್ಲಿ ತೋರಿಸಲಿ?

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಅಕ್ಕನ ಕಾರು ಹಳೆಯದಾಗಿದೆ. ಮುಂದಿನ ತಿಂಗಳು ಹೊಸದು ತಗೊಳ್ಳುತ್ತಾಳಂತೆ. ಇಷ್ಟು ವರ್ಷ ಸಣ್ಣ ಕಾರೇ ಸಾಕು ಅನ್ನುತ್ತಿದ್ದವಳು ಮೊನ್ನೆ ಫೋನ್ ಮಾಡಿ, "ನಾನೂ ನಿನ್ನ ಥರದ್ದೇ ತಗೊಳ್ತೀನಿ ಕಣೋ. ರಸ್ತೆ ತುಂಬ ನಿನ್ನಂಥವರೇ ಇರೋವಾಗ ನಾನೊಬ್ಬಳು ಸಣ್ಣದ್ರಲ್ಲಿ ಕೂತು ಸಾಯ್ಲಾ?" ಅಂದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಎದುರಿನವರನ್ನು ಹೊಸಕದೆಯೇ ಅವಳನ್ನು ಕಾಪಾಡುವ ಗಾಡಿ ಯಾವುದು ಅಂತ ಹುಡುಕಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ನಿಮ್ಮ ಪಟ್ಟಿಗಳನ್ನೆಲ್ಲ ಹರಡಿಕೊಂಡು ಮೂರು ರಾತ್ರಿ ಕೂತೆ. ಅವಳಿಗೆ ತೋರಿಸಲು ಒಂದು ಸ್ಟಾರ್ ಸಿಕ್ಕಿದೆ. ಇನ್ನೊಂದಕ್ಕೆ ಕಾಯುತ್ತಿದ್ದೇನೆ. ಮುಂದಿನ ತಿಂಗಳೊಳಗೆ ಆಗಲಿಕ್ಕಿಲ್ಲ, ಗೊತ್ತು.

ಇಂತಿ,
ಒಂದು ದೊಡ್ಡ ಗಾಡಿಯ ಮಾಲೀಕ